ರೋಗಿಯ ಕೈಯಲ್ಲೊಂದು ಕಾವಲು

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಎಷ್ಟು ಸಂತೋಷವೋ ಅಷ್ಟೇ ಗಡಿಬಿಡಿ. ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಬಾಗಿಲಲ್ಲಿ ಕಾದಿರುವ ಆಟೋ. ಈ ನಡುವೆ ನರ್ಸಮ್ಮನವರು ನಾಲ್ಕು ಬಗೆಯ ಮಾತ್ರೆಗಳನ್ನು ಕೈಗಿತ್ತು, ಇದು ಬೆಳಿಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ ಎನ್ನುತ್ತಾರೆ. ನಾವು ಹೂಂಗುಟ್ಟುತ್ತೇವೆ. ಮನೆಯ ಹೊಸ್ತಿಲು ದಾಟುವ ವೇಳೆಗೆ ಅರ್ಧ ಮರೆತಿರುತ್ತದೆ, ಅಲ್ಲವೆ?

ಈ ಮರೆವು ಸಣ್ಣದಲ್ಲ. ಜ್ವರದ ಮಾತ್ರೆಯಲ್ಲಿರುವ ಪ್ಯಾರಸಿಟಮಾಲ್ ಎಷ್ಟೋ ನೆಗಡಿಯ ಮಾತ್ರೆಗಳಲ್ಲಿಯೂ ಉಂಟು. ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಮದ್ದು ಒಂದೇ. ಅರಿಯದೆ ಎರಡನ್ನೂ ನುಂಗುತ್ತ ಹೋಗಿ ಅಳತೆ ಮೀರಿದರೆ ಯಕೃತ್ತಿಗೆ ಕೇಡು ತಪ್ಪದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯ ನಡುವೆಯೇ ಏನಾದರೊಂದು ಹಾನಿ ತಗಲುತ್ತದೆ. ಅದರಲ್ಲಿ ಅರ್ಧದಷ್ಟನ್ನಾದರೂ ತಪ್ಪಿಸಬಹುದು. ಅದಕ್ಕೆಂದೇ 2017ರಲ್ಲಿ ಆ ಸಂಸ್ಥೆ ‘ಹಾನಿಯಿಲ್ಲದ ಔಷಧ’ ಎಂಬ ಕಾರ್ಯವನ್ನು ಕೈಗೊಂಡಿತು. ರೋಗಿ ಕೇಳಬೇಕಾದ ಪ್ರಶ್ನೆಗಳನ್ನು ಐದು ಸಂದರ್ಭಗಳಾಗಿ ವಿಂಗಡಿಸಿ ಮೊಬೈಲ್ ಆ್ಯಪಿನಲ್ಲಿಯೂ ಒದಗಿಸಿತು: ಔಷಧವನ್ನು ಆರಂಭಿಸುವಾಗ, ಸೇವಿಸುವಾಗ, ಇನ್ನೊಂದನ್ನು ಸೇರಿಸುವಾಗ, ಎಲ್ಲವನ್ನೂ ಮರುಪರಿಶೀಲಿಸುವಾಗ, ನಿಲ್ಲಿಸುವಾಗ. ಇದರ ಹೆಸರೇನು? ಏತಕ್ಕಾಗಿ? ನಾನು ಈಗಾಗಲೇ ನುಂಗುತ್ತಿರುವುದರೊಡನೆ ಹೊಂದುತ್ತದೆಯೆ? ಪ್ರಶ್ನೆಗಳು ಇಷ್ಟು ಸರಳ.

ಇಂಥ ಆ್ಯಪಿನ ಗುಣವೇನು? ನರ್ಸಮ್ಮನವರು ಒಮ್ಮೆ ಹೇಳಿದ್ದನ್ನು ಅದು ನೂರು ಬಾರಿ ಬೇಸರಿಸದೆ ಹೇಳೀತು. ಮಂಚದಿಂದ ದಡಕ್ಕನೆ ಏಳದೆ, ಕಾಲು ಇಳಿಬಿಟ್ಟು ತುಸು ಕುಳಿತು ಏಳಬೇಕೆಂಬುದನ್ನು ಓದುಬಾರದವರಿಗೂ ಚಿತ್ರದಲ್ಲಿ ತೋರಿಸೀತು.

ಆದರೆ ಅದರ ಮಿತಿಯನ್ನೂ ಬಲ್ಲೆವಾದರೆ ಒಳ್ಳೆಯದು. ಪರಭಾಷೆಯಲ್ಲಿದ್ದರೆ ನಮ್ಮ ಅಜ್ಜಿಗೆ ಅದರಿಂದೇನು ಫಲ? ಫೋನು ಮೊಮ್ಮಗನದಾದರೆ, ಅವನು ಕಾಲೇಜಿಗೆ ಹೋದಾಗ ಪಾಠವೂ ಅವನ ಜೇಬಿನಲ್ಲೇ ಹೋಯಿತು. ಗುಳಿಗೆಯ ಹೊತ್ತಾಯಿತೆಂದು ಗಂಟೆ ಬಾರಿಸುವ ಯಂತ್ರಕ್ಕೆ, ಅಜ್ಜಿಗೆ ತಲೆ ಸುತ್ತುತ್ತಿದೆಯೆಂದು ಹೇಗೆ ತಿಳಿಯಬೇಕು? ಆ್ಯಪಿನ ಮಾತು ಕೇಳಿ ಔಷಧದ ಅಳತೆಯನ್ನು ನಾವೇ ಬದಲಿಸುವುದಂತೂ ಸಲ್ಲದು.

ಆದ್ದರಿಂದ ಪಾಠ ಮುಗಿದ ಮೇಲೆ ಪಕ್ಕದಲ್ಲಿ ಒಬ್ಬರು ಕುಳಿತು, “ಎಲ್ಲಿ ಅಜ್ಜಿ, ಈಗ ನೀವು ನನಗೆ ಹೇಳಿ, ಈ ಮಾತ್ರೆ ಯಾವಾಗ?” ಎಂದು ಕೇಳಬೇಕು. ತಪ್ಪು ಅಲ್ಲೇ ಹೊರಬೀಳುತ್ತದೆ, ಅಲ್ಲೇ ತಿದ್ದಲೂಬಹುದು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಡಾಕ್ಟರು ಬೇಸರಪಟ್ಟಾರೆಂಬ ಅಳುಕು ಬೇಡ. ಕೇಳುವ ರೋಗಿಗೆ ಫೋನು ಒಳ್ಳೆಯ ಜೊತೆಗಾರ; ಕೇಳದವನಿಗೆ ಅದು ಬರಿಯ ಗಡಿಯಾರ.