ಏರಿ, ಕಾಲುವೆ, ಬಂಡಿದಾರಿ
(ಮಲೆನಾಡಿನ ವಿದ್ಯಾರ್ಥಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಯ ಸೀಮೆಯಲ್ಲಿ ನಿಂತು ಬಿಸಿಲುನಾಡಿನ ದಾರಿಗಳನ್ನು ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ನಮ್ಮಿಬ್ಬರ ನಡುವೆ ನೀರಿನ ನಂಟಿದೆ. ನಮ್ಮ ಭೀಮಾ ನದಿ ಹುಟ್ಟುವುದು ನೀವು ವಾಸಿಸುವ ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿಂದ ಹರಿದು ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳ ಮಗ್ಗುಲಲ್ಲಿ ಸಾಗಿ ಅದು ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಳಂದ ತಾಲ್ಲೂಕಿನಿಂದ ಇಳಿದು ಬರುವ ಅಮರ್ಜಾ ನದಿ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಹೀಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳನ್ನು ಒಂದೇ ನೀರಿನ ಜಾಡು ಪೋಣಿಸಿದೆ. ಆ ಜಾಡಿನ ಆಸುಪಾಸಿನಲ್ಲಿ, ಮೋಟಾರು ವಾಹನಗಳ ಕಾಟವಿಲ್ಲದೆ ಸೈಕಲ್ ತುಳಿದು ಊರೂರು ತಿರುಗಬಹುದಾದ ದಾರಿಗಳೇ ಇಂದಿನ ನನ್ನ ವಿಷಯ.

ಮೊದಲು ದೂರದ ಒಂದು ನಿದರ್ಶನವನ್ನು ಹೇಳುತ್ತೇನೆ. ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಅನ್ಸಿ ಎಂಬ ಸರೋವರದ ಪಟ್ಟಣವಿದೆ. ಅದರ ಸರೋವರದ ಪಶ್ಚಿಮ ದಂಡೆಯಲ್ಲಿ ಹಿಂದೆ ರೈಲು ಓಡುತ್ತಿತ್ತು. ರೈಲು ನಿಂತ ಮೇಲೆ ಆ ಹಾದಿ ತುಂಡುತುಂಡಾಗಿ ಹಂಚಿಹೋಗದೆ, ಕಾಲ್ನಡಿಗೆಯವರಿಗೂ ಸೈಕಲ್ ಸವಾರರಿಗೂ ಮೀಸಲಾದ ದಾರಿಯಾಯಿತು. ಹಳೆಯ ರೈಲು ಸುರಂಗವೊಂದರ ಒಳಗಿನಿಂದಲೇ ಇಂದು ಸೈಕಲ್ಲುಗಳು ಹಾಯುತ್ತವೆ. ಅಲ್ಲಿಯ ಜನ ಹೊಸ ನೆಲವನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಸಾರ್ವಜನಿಕರ ಸ್ವತ್ತಾಗಿದ್ದ ಹಾದಿಯೊಂದು ಕಡಿಯದೆ ಉಳಿದುಕೊಂಡಿದ್ದುದೇ ಅವರ ಭಾಗ್ಯವಾಯಿತು.

ನಮ್ಮಲ್ಲಿ ಅಂಥ ಹಾದಿಗಳಿವೆಯೇ? ಇವೆ, ಮೂರು ಬಗೆಯವು.

ಮೊದಲನೆಯದು ಕೆರೆ ಮತ್ತು ಜಲಾಶಯಗಳ ಸುತ್ತಲ ದಾರಿ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜೆಗೆ ಅಡ್ಡಲಾಗಿ ಅಣೆಕಟ್ಟೆಯಿದೆ. ಅದರ ಹಿಂದಿನ ನೀರು ಬಯಲುಸೀಮೆಯವರ ಕಣ್ಣಿಗೆ ಸಣ್ಣ ಸಮುದ್ರದಂತೆ ಕಾಣುತ್ತದೆ. ಅಣೆಕಟ್ಟೆಯ ಮೇಲೆ ಹೋಗಲು ಇಲಾಖೆಯ ಅನುಮತಿ ಬೇಕು; ಅದು ರಕ್ಷಣೆಯ ಪ್ರಶ್ನೆಯಾದ್ದರಿಂದ ಆ ನಿಯಮ ಸರಿಯಾದುದೇ. ಆದರೆ ಹಿನ್ನೀರಿನ ಅಂಚಿನ ಹಳ್ಳಿಗಳನ್ನು ಕೂಡಿಸುವ ಮಣ್ಣಿನ ದಾರಿಗಳಿಗೆ ಅಂಥ ತಡೆಯಿಲ್ಲ.

ಎರಡನೆಯದು ಕಾಲುವೆಯ ಬದಿಯ ದಾರಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದ ಜೇವರ್ಗಿ ಶಾಖಾ ಕಾಲುವೆ ಆ ತಾಲ್ಲೂಕಿನ ಹೊಲಗಳಿಗೆ ನೀರು ತರುತ್ತದೆ. ಇಂಥ ಕಾಲುವೆಗಳ ಏರಿಯ ಮೇಲೆ ಎಂಜಿನಿಯರರೂ ನೀರಗಂಟಿಗಳೂ ಓಡಾಡಲೆಂದು ದಾರಿ ಬಿಟ್ಟಿರುತ್ತಾರೆ. ನೀರು ಹರಿಯಲು ಬೇಕಾದಷ್ಟೇ ಇಳಿಜಾರಿನಲ್ಲಿ ಕಾಲುವೆ ಸಾಗುವುದರಿಂದ ಅದರ ಬದಿಯ ದಾರಿಯೂ ಬಹುಪಾಲು ಸಮತಟ್ಟಾಗಿರುತ್ತದೆ. ಸೈಕಲ್ ತುಳಿಯುವವನಿಗೆ ಅದಕ್ಕಿಂತ ಹೆಚ್ಚಿನ ಅನುಕೂಲ ಇನ್ನಾವುದಿದೆ?

ಮೂರನೆಯದೂ ಎಲ್ಲಕ್ಕಿಂತ ಹಳೆಯದೂ ಆದದ್ದು ಬಂಡಿದಾರಿ. ಕಂದಾಯ ಇಲಾಖೆಯ ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿರಿ. ಜೋಡಿ ಚುಕ್ಕೆಗೆರೆಯಲ್ಲಿ ಬಂಡಿದಾರಿಯನ್ನೂ ಒಂಟಿ ಚುಕ್ಕೆಗೆರೆಯಲ್ಲಿ ಕಾಲುದಾರಿಯನ್ನೂ ಗುರುತಿಸಿರುತ್ತಾರೆ. ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿಪಲ್ಯೆ, ಕಡುಬು ಉಂಡು ಬರುತ್ತಾರೆ. ಆ ದಿನ ಊರಿಗೆ ಊರೇ ನಡೆಯುವುದು ಈ ದಾರಿಗಳ ಮೇಲೆ. ಗಾಣಗಾಪುರದ ದತ್ತ ಕ್ಷೇತ್ರಕ್ಕೂ ಘತ್ತರಗಿಯ ಭಾಗ್ಯವಂತಿಯ ಗುಡಿಗೂ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಇಂದಿಗೂ ಇದ್ದಾರೆ. ವಾಹನವಿಲ್ಲದೆ ದೂರ ಸಾಗುವುದು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಈ ಮೂರು ಬಗೆಯ ದಾರಿಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಕೊರಳ್ಳಿಯ ಜಲಾಶಯದಿಂದ ಅಮರ್ಜೆಯ ಕಣಿವೆಯ ಗುಂಟ ಗಾಣಗಾಪುರದ ಸಂಗಮಕ್ಕೆ, ಅಲ್ಲಿಂದ ಭೀಮೆಯ ಹರಿವಿನೊಡನೆ ಜೇವರ್ಗಿ ಸೀಮೆಗೆ ಸಾಗಬಹುದು. ಇವು ಸೈಕಲ್ಲಿಗೆಂದು ಕಟ್ಟಿದ ದಾರಿಗಳಲ್ಲ. ನಡುನಡುವೆ ಡಾಂಬರು ರಸ್ತೆಯನ್ನು ದಾಟಬೇಕಾಗುತ್ತದೆ. ಕೆಲವೆಡೆ ಅದರ ಮೇಲೆಯೇ ಸ್ವಲ್ಪ ದೂರ ಸಾಗಬೇಕಾಗುತ್ತದೆ. ಆದರೂ ದಾರಿಯ ಎಲುಬುಗೂಡು ಅಲ್ಲಿ ಸಿದ್ಧವಾಗಿದೆ.

ಇಂಥ ದಾರಿ ಏಕೆ ಬೇಕು ಎಂದು ನೀವು ಕೇಳಬಹುದು. ಜೇವರ್ಗಿಯಲ್ಲಿ ೫೦ ಮತ್ತು ೧೫೦ಎ ಸಂಖ್ಯೆಯ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಲಾರಿಗಳ ಗಾಳಿಯ ರಭಸಕ್ಕೆ ಸೈಕಲ್ಲು ತೂರಾಡುವಂಥ ರಸ್ತೆಗಳವು. ಅಫಜಲಪುರದ ಹವಳಗಾದಲ್ಲಿಯೂ ಆಳಂದದ ಭೂಸನೂರಿನಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹಗಲಿರುಳು ಓಡುತ್ತವೆ. ನಮ್ಮಲ್ಲಿ ಸೈಕಲ್ ತುಳಿಯಲು ಯೋಗ್ಯವಾದ ಕಾಲವೂ ಅದೇ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ನಾಲ್ಕು ಮಾರು ಹೋಗುವಷ್ಟರಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಉಳಿಯುವುದು ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು: ತೊಗರಿಯ ರಾಶಿ ನಡೆಯುವ, ಬಿಳಿಜೋಳ ತೆನೆ ಹಿಡಿಯುವ ಕಾಲ. ಆಗ ದೊಡ್ಡ ರಸ್ತೆ ಕಬ್ಬಿನ ಟ್ರ್ಯಾಕ್ಟರುಗಳ ಪಾಲಾಗಿರುತ್ತದೆ.

ಆ ರಸ್ತೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಸಾಗುವವರು ಪ್ರವಾಸಿಗರಲ್ಲ, ಶಾಲೆಯ ಮಕ್ಕಳು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಮುಂದೆ ಅದು ಹುಡುಗರಿಗೂ ದೊರೆಯಿತು. ಕೋವಿಡ್ ಬಂದ ೨೦೨೦ರ ತರುವಾಯ ಆ ವಿತರಣೆ ನಿಂತುಹೋಯಿತು. ತಮ್ಮೂರಿನಲ್ಲಿ ಪ್ರೌಢಶಾಲೆಯಿಲ್ಲದ ಹೆಣ್ಣುಮಕ್ಕಳಿಗೆ ಆ ಸೈಕಲ್ಲು ದೊಡ್ಡ ಆಸರೆಯಾಗಿತ್ತು. ಆದರೆ ಸೈಕಲ್ ಕೊಟ್ಟವರು ಅದು ಹೋಗುವ ದಾರಿಯ ಬಗ್ಗೆ ಅಷ್ಟಾಗಿ ಯೋಚಿಸಲಿಲ್ಲ. ಮಗಳನ್ನು ಹೆದ್ದಾರಿಯ ಮೇಲೆ ಕಳುಹಿಸಲು ತಾಯಿ ಅಂಜಿದರೆ ಅದನ್ನು ಅಜ್ಞಾನವೆಂದು ಕರೆಯಲಾಗದು.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ಬಂಡಿ ಎಳೆಯುವ ಎತ್ತುಗಳು ಕಡಿಮೆಯಾದಂತೆ ಬಂಡಿದಾರಿಯ ಮೇಲಿನ ಲಕ್ಷ್ಯವೂ ಕಡಿಮೆಯಾಯಿತು. ಪ್ರತಿ ವರ್ಷ ನೇಗಿಲ ಒಂದೊಂದು ಸಾಲು ದಾರಿಯನ್ನು ಒತ್ತುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ನಕಾಶೆಯಲ್ಲಿ ಮಾತ್ರ ದಾರಿ ಉಳಿಯುತ್ತದೆ. ಆಗ ಒಳಗಿನ ಹೊಲದವರಿಗೂ ದಾರಿಯಿಲ್ಲದೆ ನೆರೆಹೊರೆಯವರು ಕಚೇರಿ, ಕೋರ್ಟು ಅಲೆಯುತ್ತಾರೆ. ೨೦೦೬ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲು ಜಾರಿಯಾದ ದೇಶದ ೨೦೦ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಂಥ ಯೋಜನೆಗಳ ಕೂಲಿಯಿಂದ ಹೊಲದ ದಾರಿಗೆ ಮುರುಮು ಹಾಕಿ ಉಳಿಸಿಕೊಳ್ಳಬಹುದು ಎಂಬುದನ್ನು ಗ್ರಾಮ ಪಂಚಾಯಿತಿಗಳು ಬಲ್ಲವು. ದಾರಿ ಇನ್ನೂ ಇರುವಾಗ ಮಾತ್ರ ಈ ಕೆಲಸ ಸಾಧ್ಯ. ಅದು ಅಳಿಸಿಹೋದ ಮೇಲೆ ಮುರುಮು ಹಾಕಲು ನೆಲವೇ ಇರುವುದಿಲ್ಲ.

ಇನ್ನೊಂದು ಅಪಾಯ ನಮ್ಮಂಥ ಉತ್ಸಾಹಿಗಳಿಂದಲೇ ಬರಬಹುದು. ಈ ದಾರಿಗೆ ಚೆಂದದ ಹೆಸರಿಟ್ಟು, ಫಲಕ ನೆಟ್ಟು, ಪ್ರವಾಸಿಗರನ್ನು ಕರೆದರೆ ಮುಂದೇನಾಗುತ್ತದೆ ಎಂಬುದನ್ನು ಮಲೆನಾಡಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ವಾರಾಂತ್ಯದ ಕಾರುಗಳ ಸಾಲನ್ನೂ ಹಳ್ಳದ ಬದಿಯ ಪ್ಲಾಸ್ಟಿಕ್ ರಾಶಿಯನ್ನೂ ನೀವು ಕಂಡಿದ್ದೀರಿ. ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ದಾರಿ ತೆರೆಯಿತು. ಜಲಾಶಯದ ಅಂಚಿನ ಒಣಬೇಸಾಯದ ಹೊಲಕ್ಕೆ ಹೊರಗಿನ ಹಣ ಬಂದರೆ ಸಾಲದಲ್ಲಿರುವ ರೈತ ಎಷ್ಟು ದಿನ ತಡೆದಾನು? ಆದ್ದರಿಂದ ಈ ದಾರಿ ಮೊದಲು ಅಲ್ಲಿನ ವಿದ್ಯಾರ್ಥಿಗಳದೂ ರೈತರದೂ ಆಗಿರಬೇಕು. ಅತಿಥಿ ಅವರ ದಾರಿಯಲ್ಲಿ ಸಾಗಬೇಕು. ಹೊಸ ಕಟ್ಟಡ ಬೇಡ. ಹಳ್ಳಿಯ ಖಾನಾವಳಿಯ ರೊಟ್ಟಿ, ಗುಡಿಯ ಪಡಸಾಲೆ ಸಾಕು. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ರಾಶಿಯ ಕಣದಲ್ಲಿಯೇ ಬೇಳೆಯನ್ನು ಕೊಂಡು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುವವನು ನಮ್ಮ ಅತಿಥಿ.

ಹೊರಡುವವರಿಗೆ ನಾಲ್ಕು ಎಚ್ಚರಿಕೆಯ ಮಾತು. ನಮ್ಮಲ್ಲಿ ಜಾಲಿಮುಳ್ಳು ಹೆಚ್ಚು. ಪಂಕ್ಚರ್ ಹಾಕುವ ಸಾಮಾನೂ ಪಂಪೂ ಜೊತೆಗಿರಲಿ. ಕಾಲುವೆಗೆ ತಡೆಗೋಡೆಯಿಲ್ಲ, ನೀರಿನ ಸೆಳೆತ ಹೆಚ್ಚು. ಕತ್ತಲಾದ ಮೇಲೆ ಏರಿಯ ಮೇಲೆ ಸಾಗಬೇಡಿರಿ, ಈಜಲು ಇಳಿಯಬೇಡಿರಿ. ನೀರನ್ನು ಹೊತ್ತುಕೊಂಡೇ ಹೊರಡಿರಿ, ನೆರಳು ಅಪರೂಪ. ನದಿಯ ದಂಡೆಯನ್ನು ಕಣ್ಣುಮುಚ್ಚಿ ನಂಬಬೇಡಿರಿ. ೨೦೨೦ರ ಅಕ್ಟೋಬರಿನಲ್ಲಿ ಮಳೆಯೂ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ದಾರಿಗಳು ಮುಳುಗಿದವು. ಆದ್ದರಿಂದ ದಂಡೆಯ ದಾರಿಯನ್ನು ಗುರುತಿಸುವಾಗ ಎತ್ತರದ ಬದಲಿ ದಾರಿಯನ್ನೂ ಗುರುತಿಸಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೆ, ಕೊನೆಯದಾಗಿ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಊರಿನ ಗ್ರಾಮ ನಕಾಶೆಯ ಪ್ರತಿಯನ್ನು ಪಡೆಯಿರಿ. ಅದರಲ್ಲಿನ ಚುಕ್ಕೆಗೆರೆಗಳ ಮೇಲೆ ನಡೆದೋ ಸೈಕಲ್ ತುಳಿದೋ ಹೋಗಿರಿ. ಎಲ್ಲಿ ದಾರಿಯಿದೆ, ಎಲ್ಲಿ ಬೇಲಿ ಬಂದಿದೆ, ಎಲ್ಲಿ ಸಂಕ ಮುರಿದಿದೆ ಎಂಬುದನ್ನು ಬರೆದುಕೊಳ್ಳಿರಿ. ಒತ್ತಿದವರ ಹೆಸರನ್ನು ಸಾರುತ್ತ ಜಗಳಕ್ಕೆ ನಿಲ್ಲಬೇಡಿರಿ. ಹಿರಿಯರನ್ನು ಕೂಡಿಸಿಕೊಂಡು ಬರೆದುದನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲು ಮಾಡಿಸಿರಿ. ಆಳಂದದ ಕಡೆಯ ವಿದ್ಯಾರ್ಥಿಗಳಲ್ಲಿಯೂ ನಾನು ಇದನ್ನೇ ಕೇಳಿಕೊಳ್ಳುತ್ತೇನೆ. ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ನಿಮ್ಮಲ್ಲಿ ಕೆಲವರು ಕೊರಳ್ಳಿಗೆ ಬಂದರೆ ಒಟ್ಟಾಗಿ ಸಂಗಮದವರೆಗೆ ಸೈಕಲ್ ತುಳಿಯೋಣ. ಚರಗದ ಊಟಕ್ಕೆ ನಮ್ಮ ಯಾವ ಹೊಲದಲ್ಲಿಯೂ ಬಂದವರನ್ನು ಹಸಿದು ಕಳುಹಿಸುವುದಿಲ್ಲ.