ತಗ್ಗು ಫಲಕವೂ ಅಗಲ ನೋಟದ ಲೆನ್ಸೂ



ಪೀನ ಮಸೂರದ ಪಾಠವನ್ನು ನೀವೆಲ್ಲ ಓದಿದ್ದೀರಿ. ವಸ್ತು ಬಹು ದೂರದಲ್ಲಿದ್ದರೆ ಅದರ ಪ್ರತಿಬಿಂಬ ಮಸೂರದಿಂದ ಸಂಗಮದೂರದಷ್ಟು ಅಂತರದಲ್ಲಿ ಮೂಡುತ್ತದೆ. ವಸ್ತು ಹತ್ತಿರ ಬಂದಂತೆಲ್ಲ ಪ್ರತಿಬಿಂಬ ಹಿಂದಕ್ಕೆ ಸರಿಯುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಎರಡು ಮಾತುಗಳನ್ನು ಮರೆತು ನಾನೊಮ್ಮೆ ಒಂದು ಇಡೀ ಮನೆಯನ್ನು ಕಳೆದುಕೊಂಡೆ. ಆ ಪ್ರಸಂಗದಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ.

ಅದು ಕೆಡವಲು ದಿನ ಗೊತ್ತಾಗಿದ್ದ ಹಳೆಯ ತೊಟ್ಟಿಮನೆ. "ಒಂದು ಪಟವಾದರೂ ಉಳಿಯಲಿ, ಬಂದು ತೆಗೆದುಕೊಡಪ್ಪಾ" ಎಂದು ಆ ಮನೆಯ ಹಿರಿಯರು ಕರೆದಿದ್ದರು. ತೊಟ್ಟಿಯ ಒಂದು ಮೂಲೆಯಿಂದ ಎದುರಿನ ಪಡಸಾಲೆ, ಎರಡೂ ಬದಿಯ ಕಂಬಗಳು, ಮೇಲಿನ ಮಾಡು ಎಲ್ಲವೂ ಒಂದೇ ಚಿತ್ರದಲ್ಲಿ ಬರಬೇಕಿತ್ತು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಆದ್ದರಿಂದ 65 ಮಿ.ಮೀ. ಸಂಗಮದೂರದ ಲೆನ್ಸೊಂದನ್ನು ಎರವಲು ತಂದು ನನ್ನ ದೊಡ್ಡ ಕ್ಯಾಮೆರಾಕ್ಕೆ ಜೋಡಿಸಿದೆ. ಮಬ್ಬುಗಾಜಿನ ಮೇಲೆ ದೂರದ ಪಡಸಾಲೆ ಮಸುಕಾಗಿಯೇ ಕಂಡಿತು. ಅಪರ್ಚರ್ ಕಿರಿದು ಮಾಡಿದರೆ ಸರಿಹೋದೀತೆಂದು ಎಫ್ 22ಕ್ಕೆ ಇಳಿಸಿ ಚಿತ್ರ ತೆಗೆದೆ. ಫಿಲ್ಮ್ ತೊಳೆದು ನೋಡಿದಾಗ ಪಕ್ಕದ ಕಂಬದ ಕೆತ್ತನೆ ಮಾತ್ರ ಸ್ಪಷ್ಟವಾಗಿತ್ತು. ಉಳಿದ ಮನೆಯೆಲ್ಲ ಮಸುಕು. ನಾನು ಮರಳಿ ಹೋಗುವಷ್ಟರಲ್ಲಿ ಮಾಡನ್ನು ಇಳಿಸಿಯಾಗಿತ್ತು.

ತಪ್ಪು ಎಲ್ಲಿ ಆಯಿತು? ಈ ಕ್ಯಾಮೆರಾದ ರಚನೆಯನ್ನು ಮೊದಲು ನೋಡೋಣ. ಮುಂದೊಂದು ಚೌಕಟ್ಟು, ಹಿಂದೊಂದು ಚೌಕಟ್ಟು, ನಡುವೆ ಹಾರ್ಮೋನಿಯಂಗೆ ಇರುವಂಥ ಮಡಿಕೆ ಮಡಿಕೆಯಾದ ತಿದಿ. ಹಿಂದಿನ ಚೌಕಟ್ಟಿನಲ್ಲಿ 4 ಅಂಗುಲಕ್ಕೆ 5 ಅಂಗುಲದ ಫಿಲ್ಮ್ ಕೂರುತ್ತದೆ. ಮುಂದಿನ ಚೌಕಟ್ಟಿನಲ್ಲಿ ಒಂದು ಫಲಕ. ಅದಕ್ಕೆ ಲೆನ್ಸ್ ಬೋರ್ಡ್ ಎನ್ನುತ್ತಾರೆ. ಆ ಫಲಕದ ನಡುವಿನ ರಂಧ್ರದಲ್ಲಿ ಷಟರ್ ಸಮೇತ ಲೆನ್ಸನ್ನು ಬಿಗಿಯುತ್ತಾರೆ. ಈ ಅಳತೆಯ ಫಿಲ್ಮಿಗೆ ಸಾಧಾರಣ ಲೆನ್ಸ್ 150 ಮಿ.ಮೀ.ನದು. ಅದು ಮೂಲೆಯಿಂದ ಮೂಲೆಗೆ ಸುಮಾರು 54 ಡಿಗ್ರಿಗಳಷ್ಟು ನೋಟವನ್ನು ಹಿಡಿಯುತ್ತದೆ. 90 ಮಿ.ಮೀ. ಲೆನ್ಸ್ ಸುಮಾರು 81 ಡಿಗ್ರಿ, 65 ಮಿ.ಮೀ. ಲೆನ್ಸ್ ಸುಮಾರು 99 ಡಿಗ್ರಿ ಹಿಡಿಯುತ್ತವೆ. ಸಂಗಮದೂರ ಕಿರಿದಾದಷ್ಟೂ ನೋಟ ಅಗಲ.

ಆದರೆ ಸಂಗಮದೂರ ಕಿರಿದಾದಷ್ಟೂ ಲೆನ್ಸ್ ಫಿಲ್ಮಿನ ಸಮೀಪಕ್ಕೆ ಬರಬೇಕು. ಎಷ್ಟು ಒತ್ತಿದರೂ ತಿದಿಯ ಮಡಿಕೆಗಳಿಗೆ ಅವುಗಳದೇ ದಪ್ಪವಿರುತ್ತದಲ್ಲ! ನನ್ನ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ 70 ಮಿ.ಮೀ. ಉಳಿದೇ ಉಳಿಯಿತು. ಕೊರತೆ ಕೇವಲ 5 ಮಿ.ಮೀ. ಇಷ್ಟರಿಂದ ಏನಾದೀತು ಎನ್ನುತ್ತೀರಾ? ಮಸೂರದ ಸೂತ್ರದಲ್ಲಿ ಲೆಕ್ಕ ಹಾಕಿ. ವಸ್ತುದೂರವು 65ನ್ನು 70ರಿಂದ ಗುಣಿಸಿ 5ರಿಂದ ಭಾಗಿಸಿದಷ್ಟು, ಅಂದರೆ 910 ಮಿ.ಮೀ. ನನ್ನ ಕ್ಯಾಮೆರಾ ಒಂದು ಮೀಟರಿಗಿಂತ ಆಚೆಯದನ್ನು ಸ್ಪಷ್ಟವಾಗಿ ಕಾಣಲಾರದಾಗಿತ್ತು! ಎಫ್ 22ರಲ್ಲಿಯೂ ದೂರದ ಒಂದು ಚುಕ್ಕೆ ಫಿಲ್ಮಿನ ಮೇಲೆ ಸುಮಾರು 0.2 ಮಿ.ಮೀ. ಅಗಲದ ವೃತ್ತವಾಗಿ ಹರಡುತ್ತದೆ. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಅದು ಮುಕ್ಕಾಲು ಮಿ.ಮೀ.ಗೂ ಮೀರುತ್ತದೆ. ಕೊರತೆ 2 ಮಿ.ಮೀ. ಮಾತ್ರ ಇದ್ದಿದ್ದರೆ ಕಿರಿದಾದ ಅಪರ್ಚರ್ ಬಹುಶಃ ನನ್ನನ್ನು ಕಾಪಾಡುತ್ತಿತ್ತು.

ಇದಕ್ಕೆ ಪರಿಹಾರವೇ ತಗ್ಗು ಫಲಕ. ಸಾದಾ ಫಲಕ ಹಲಗೆಯಂತೆ ಚಪ್ಪಟೆಯಾಗಿದ್ದರೆ, ಇದು ನಡುವೆ ಅಂಚಿರುವ ತಟ್ಟೆಯಂತೆ ಒಳಕ್ಕೆ ಇಳಿದಿರುತ್ತದೆ. ತಗ್ಗಿನ ಆಳ 15 ಮಿ.ಮೀ. ಎಂದಿಟ್ಟುಕೊಳ್ಳಿ. ಚೌಕಟ್ಟು ಇದ್ದಲ್ಲಿಯೇ ಇದ್ದರೂ ಲೆನ್ಸ್ 15 ಮಿ.ಮೀ. ಹಿಂದಕ್ಕೆ ಹೋಗುತ್ತದೆ. 70ರ ಬದಲು 55 ಮಿ.ಮೀ.ವರೆಗೂ ಹೋಗಬಹುದು. ನಮಗೆ ಬೇಕಾದದ್ದು 65. ಇನ್ನೂ 10 ಮಿ.ಮೀ. ಸಡಿಲ ಉಳಿಯಿತು.

ಈ ಸಡಿಲಕ್ಕೆ ಇನ್ನೊಂದು ಬೆಲೆಯೂ ಇದೆ. ಎತ್ತರದ ಕಟ್ಟಡವನ್ನು ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಂಬಗಳು ಒಂದರತ್ತ ಒಂದು ವಾಲಿದಂತೆ ಕಾಣುತ್ತವೆ. ದೊಡ್ಡ ಕ್ಯಾಮೆರಾದಲ್ಲಿ ಫಿಲ್ಮನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸನ್ನು ಮಾತ್ರ ಮೇಲೇರಿಸಬಹುದು; ಆಗ ಕಂಬಗಳು ಕಂಬಗಳಾಗಿಯೇ ನಿಲ್ಲುತ್ತವೆ. ಆದರೆ ತಿದಿ ಪೂರ್ತಿ ಒತ್ತಿಹೋಗಿದ್ದರೆ ಅದು ಮರದ ದಿಮ್ಮಿಯಂತೆ ಬಿಗಿದು, ಲೆನ್ಸನ್ನು ಅತ್ತಿತ್ತ ಅಲುಗಲು ಬಿಡುವುದಿಲ್ಲ. ತಗ್ಗು ಫಲಕ ಈ ಬಿಗಿತವನ್ನು ಕಳೆಯುತ್ತದೆ. ಮಡಿಕೆಗಳಿಲ್ಲದ, ಚೀಲದಂಥ ಮೆತ್ತನೆಯ ತಿದಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಜೋಡಿಸುವ ಕ್ರಮ. ಲೆನ್ಸಿನ ಹಿಂದಿನ ಭಾಗವನ್ನು ಮೊದಲು ತಿರುಗಿಸಿ ಬಿಚ್ಚಬೇಕು. ಷಟರನ್ನು ಮುಂದಿನಿಂದ ರಂಧ್ರದಲ್ಲಿಟ್ಟು, ಹಿಂದಿನಿಂದ ಬಳೆಯನ್ನು ಸ್ಪ್ಯಾನರಿನಿಂದ ಬಿಗಿಯಬೇಕು. ಕೋಪಾಲ್ 0 ಷಟರಿಗೆ 34.6 ಮಿ.ಮೀ., ಕೋಪಾಲ್ 1ಕ್ಕೆ 41.6 ಮಿ.ಮೀ. ರಂಧ್ರ ಬೇಕು. ಬಳಿಕ ಹಿಂದಿನ ಭಾಗವನ್ನು ಕೊನೆಯವರೆಗೂ ತಿರುಗಿಸಿ ಕೂರಿಸಬೇಕು. ಎರಡು ಭಾಗಗಳ ಅಂತರ ಕೆಟ್ಟರೆ ಚಿತ್ರವೂ ಕೆಡುತ್ತದೆ. ಅಗಲ ನೋಟದ ಲೆನ್ಸಿನ ಹಿಂದಿನ ಗಾಜು ಕೆಲವೊಮ್ಮೆ ಬಲು ದಪ್ಪವಾಗಿರುತ್ತದೆ. ಅದು ಕ್ಯಾಮೆರಾದ ಮುಂಬಾಗಿಲಿನಲ್ಲಿ ತೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಾಗಾದರೆ ಆಳವಾದ ಫಲಕವನ್ನೇ ಕೊಳ್ಳೋಣವೇ? ಬೇಡ. ತಗ್ಗಿನೊಳಗೆ ಕುಳಿತ ಷಟರಿನ ಸನ್ನೆಗಳಿಗೆ ಬೆರಳು ಎಟುಕುವುದಿಲ್ಲ, ಅಂಕಿಗಳು ಕಾಣುವುದಿಲ್ಲ, ಷಟರ್ ಒತ್ತುವ ಕೇಬಲ್ ಮಡಿಚಿಕೊಳ್ಳುತ್ತದೆ. ಕೇಬಲ್ಲನ್ನು ಮೊದಲೇ ಸಿಕ್ಕಿಸಿಡುವುದು ಜಾಣತನ. ಬೇಕಾದಷ್ಟೇ ಆಳ, ಅದಕ್ಕಿಂತ ಹೆಚ್ಚಿಲ್ಲ ಎಂಬುದೇ ನಿಯಮ.

ಫಲಕ ಬಗೆಹರಿಸದ ತೊಂದರೆಯೊಂದಿದೆ. ಅಗಲ ನೋಟದಲ್ಲಿ ಮೂಲೆಗಳಿಗೆ ಬೆಳಕು ಕಡಿಮೆ ಬೀಳುತ್ತದೆ. ಸರಳ ಲೆಕ್ಕದಂತೆ ಅದು ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಇಳಿಯುತ್ತದೆ. 65 ಮಿ.ಮೀ. ಲೆನ್ಸಿನಲ್ಲಿ ಮೂಲೆಗೆ ಸಿಗುವುದು ನಡುವಿನ ಬೆಳಕಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಈಚಿನ ಲೆನ್ಸುಗಳ ರಚನೆ ಇದನ್ನು ಸ್ವಲ್ಪ ಸರಿಪಡಿಸುತ್ತದೆ. ನಡುವೆ ಕಪ್ಪಗಿರುವ ಫಿಲ್ಟರ್ ಉಳಿದದ್ದನ್ನು ಸರಿದೂಗಿಸುತ್ತದೆ. 1900ರಲ್ಲಿ ಬಂದ ಜರ್ಮನಿಯ ಗೋರ್ಟ್ಸ್ ಕಂಪನಿಯ ಹೈಪರ್ಗಾನ್ ಲೆನ್ಸಿನ ಮುಂದೆ ಇದಕ್ಕಾಗಿಯೇ ಗಾಳಿಯಿಂದ ತಿರುಗುವ ನಕ್ಷತ್ರಾಕಾರದ ಪುಟ್ಟ ಚಕ್ರವೊಂದಿತ್ತು!

ಕೊನೆಯದಾಗಿ, ಕೆಲಸಕ್ಕೆ ಹೊರಡುವ ಮುನ್ನ ಮಾಡಬೇಕಾದ ಪರೀಕ್ಷೆ. ದೂರದ ನೀರಿನ ಟ್ಯಾಂಕನ್ನೋ ಗುಡ್ಡವನ್ನೋ ಮಬ್ಬುಗಾಜಿನ ಮೇಲೆ ಭೂತಗನ್ನಡಿಯಿಂದ ನೋಡುತ್ತ ಲೆನ್ಸನ್ನು ಹಿಂದಕ್ಕೆ ಸರಿಸಿ. ಚಿತ್ರ ಸ್ಪಷ್ಟವಾಗಬೇಕು, ಇನ್ನೂ ಸರಿಸಿದರೆ ಮತ್ತೆ ಮಸುಕಾಗಬೇಕು. ಹಾಗೆ ಮಸುಕಾದರೆ ಮಾತ್ರ ನಿಮಗೆ ಸಡಿಲ ಉಳಿದಿದೆಯೆಂದು ಅರ್ಥ. ದೊಡ್ಡ ಕ್ಯಾಮೆರಾ ಇಲ್ಲದವರು ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ ಹಿಡಿದು ಕಿಟಕಿಯಾಚೆಯ ಮರದ ಬಿಂಬವನ್ನು ಮೂಡಿಸಿ ನೋಡಿ. ಹಾಳೆಯನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ಏನಾಗುತ್ತದೆಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ದೊಡ್ಡ ಕ್ಯಾಮೆರಾವನ್ನು ಹಂಪಿಗೆ ಒಯ್ದು, ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಇಂದು ಅದು ಅಲ್ಲಿಲ್ಲ; ಆತನ ಚಿತ್ರದಲ್ಲಿದೆ. ನಾನು ಕಳೆದ ತೊಟ್ಟಿಮನೆ ಎಲ್ಲಿಯೂ ಇಲ್ಲ. ಐದು ಮಿಲಿಮೀಟರ್ ಎಂದರೆ ಎಷ್ಟು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮನೆಯೇ.