ಕಾಲುವೆ ಬಂತು, ಒಡ್ಡು ಬಿಡಬ್ಯಾಡ್ರಿ

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ವಿಜಯಪುರ ಜಿಲ್ಲೆ ದ್ರಾಕ್ಷಿಗೆ ಹೆಸರಾಗಿದೆ ಎಂದರೆ ಅದರ ಹಿಂದೆ ಇಲ್ಲಿಯ ರೈತರ ಹಟವಿದೆ. ಬರ ಬಿದ್ದ ವರ್ಷ ತಿಕೋಟಾ ಸುತ್ತಿನವರು ಸಾಲ ಮಾಡಿ ಟ್ಯಾಂಕರ್ ನೀರು ತರಿಸಿ ದ್ರಾಕ್ಷಿ ಪಡ ಉಳಿಸಿಕೊಂಡರು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಈ ಕಡೆ ಹತ್ತಿ ಬಂದ ಮೇಲೆ, ಕೆರೆ ತುಂಬಿದಲ್ಲಿ ಬಾವಿ, ಬೋರ್‌ವೆಲ್ಲುಗಳಿಗೂ ಜೀವ ಬಂತು. ಇದೇನು ಸಣ್ಣ ಮಾತಲ್ಲ.

ಆದರೆ ಕೆಟ್ಟ ಹವಾಮಾನಕ್ಕೆ ಬರವೊಂದೇ ಮುಖವಲ್ಲ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ನಾಲ್ಕು ದಿನ ಮೋಡ ಕವಿದು ಜಿನುಗಿದರೆ ಡೌನಿ ರೋಗ. ಔಷಧ ಹೊಡೆಯುವುದರಲ್ಲೇ ರೈತನ ಕೈ ಬರಿದಾಗುತ್ತದೆ. ಮುಂದೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಕಾಲ. ಗೊಂಚಲುಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಎರಡು ವಾರ ಒಣ ಗಾಳಿ ಬೀಸಬೇಕು. ನಡುವೆ ಅಡ್ಡಮಳೆ ಬಂತೆಂದರೆ ಹಸಿರು-ಹಳದಿ ಕಾಳು ಕಪ್ಪಾಗುತ್ತದೆ, ದರ ಬೀಳುತ್ತದೆ. ಇದಕ್ಕೆ ಯಾವ ಕಾಲುವೆ ಏನು ಮಾಡೀತು?

ಎರಡು-ಮೂರು ಎಕರೆ ಎರಿ ಹೊಲದವರ ಲೆಕ್ಕವೇ ಬೇರೆ. ಅವರದು ಹಿಂಗಾರಿ ಜೋಳ. ಮುಂಗಾರಿನ ನೀರನ್ನು ಮಣ್ಣು ಹಿಡಿದಿಟ್ಟುಕೊಂಡರೆ ಬೆಳೆ, ಇಲ್ಲದಿದ್ದರೆ ಬರೀ ಕಣಿಕೆ. ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾದದ್ದು 1930ರ ದಶಕದಲ್ಲಿ. ಅಲ್ಲಿಂದ ಈಚೆಗೆ ವಿಜ್ಞಾನಿಗಳು ಒತ್ತಿ ಹೇಳುತ್ತ ಬಂದ ಉಪಾಯಗಳಲ್ಲಿ ಚೌಕು ಮಡಿ ಒಂದು: ಬಿತ್ತುವ ಮೊದಲೇ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಕಟ್ಟಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು. ಬೆಳೆ ನಿಂತ ಮೇಲೆ ಎಡೆ ಹೊಡೆಯಬೇಕು. ಎರಿ ಬಿರಿದರೆ ಬಿರುಕಿನಿಂದಲೇ ತೇವ ಹಾರಿಹೋಗುತ್ತದೆ, ಎಡೆಕುಂಟೆ ಅದನ್ನು ಮುಚ್ಚುತ್ತದೆ. ಹತ್ತು ದಿನದ ಮಳೆ ಒಂದೇ ರಾತ್ರಿ ಸುರಿಯುವ ಈ ಕಾಲದಲ್ಲಿ ಚೌಕು ಮಡಿಯ ಬೆಲೆ ಇನ್ನೂ ಹೆಚ್ಚಾಗಿದೆ, ಮಣ್ಣು ಕೊಚ್ಚಿ ಹೋಗುವುದನ್ನೂ ಅದು ತಡೆಯುತ್ತದೆ.

ಹಾಗಿದ್ದೂ ಎತ್ತು ಮಾರಿದ ಮನೆಗೆ ಎಡೆ ಹೊಡೆಯುವುದು ಬಾಡಿಗೆಯ ಕೆಲಸ. ಒಡ್ಡು ಒಡೆದರೆ ಕಟ್ಟಲು ಆಳಿಲ್ಲ. ಕಾಲುವೆಗೆ ಕೊಟ್ಟ ಲಕ್ಷ್ಯದಲ್ಲಿ ಕಾಲು ಭಾಗವಾದರೂ ಒಡ್ಡಿಗೆ ಸಿಗಬೇಕು ಎನ್ನುವುದು ಅದಕ್ಕೇ.

ಮತ್ತೆ ದ್ರಾಕ್ಷಿಗೆ ಬಂದರೆ, ಇಟ್ಟಂಗಿಹಾಳದ ಆಹಾರ ಪಾರ್ಕಿನ ಮೇಲೂ ಜನರಿಗೆ ಆಸೆಯಿದೆ. ಅಲ್ಲಿ ಸಣ್ಣ ಬೆಳೆಗಾರನ ಹತ್ತು ಕ್ರೇಟಿಗೂ ಜಾಗವಿರಬೇಕು, ಮಳೆಯ ದಿನ ಒಣಗಿಸಿಕೊಳ್ಳಲು ಡ್ರೈಯರ್ ಬಾಡಿಗೆಗೆ ಸಿಗಬೇಕು. ಇನ್ನು ನೀರು ಬಂದ ಎರಿ ಹೊಲಗಳಲ್ಲಿ ಬಸಿಗಾಲುವೆ ಈಗಲೇ ತೆಗೆಯಬೇಕು, ಇಲ್ಲದಿದ್ದರೆ ನೆಲ ಸವುಳಾಗುತ್ತದೆ. ಸವುಳು ಏನು ಮಾಡುತ್ತದೆ ಎಂದು ಡೋಣಿ ನದಿ ಸಾಲಿನ ರೈತರನ್ನು ಕೇಳಿದರೆ ಹೊಲಕ್ಕೇ ಕರೆದೊಯ್ದು ತೋರಿಸುತ್ತಾರೆ.